ಎಡ ತಿರುಪು

ಇಸಾ ಟೌನಿನ ಹಳೆ ಸಾಮಾನಿನ ಸಂತೆಯಲ್ಲಿ
ಕಾಲು ಮುರಿದ ಸೋಫಾ, ಬಾಯಿ ತೆರೆದ ಫ್ರಿಜ್ಜು,
ನಡುವೆ ತಲೆಕೆಳಗಾಗಿ ಒಂದು ಫ್ರೇಮು:
ಗಾಲಿಯಿಲ್ಲ, ಹ್ಯಾಂಡಲಿಲ್ಲ,
ತಿಂದು ಬಿಟ್ಟ ಮೀನಿನ ಮುಳ್ಳು.

ಹೆಸರು ಕೆರೆದುಹೋಗಿತ್ತು. ಉಪ್ಪುಗಾಳಿ ಕಚ್ಚಿದ ಕಡೆ
ಬಣ್ಣ ಹಪ್ಪಳದಂತೆ ಎದ್ದಿತ್ತು.
ಉಗುರಿನಿಂದ ತಟ್ಟಿದೆ; ಟಣ್ಣೆಂದಿತು,
ಒಳಗೆ ಯಾರೋ ಇದ್ದಾರೆಂಬಂತೆ.
"ಐದು ದಿನಾರು," ಎಂದ ಮಿರ್ಜಾ ದರ್ವೀಶ್.
"ಮೂರು."
ಆತ ನನ್ನ ಮುಖ ಬಿಟ್ಟು ಮೀನಖಂಡ ನೋಡಿದ.
"ಮೂರೂವರೆ. ಗೋಡೆಗೆ ತೂಗುಹಾಕುವವನಲ್ಲ ನೀನು."

ಹತ್ತೊಂಬತ್ತು ವರ್ಷದಿಂದ ಮಾಳಿಗೆಯ ಮೇಲೆ ಬೇಯುತ್ತ
ಕೆಳಗಿನವರ ಕೋಣೆ ತಂಪು ಮಾಡುವುದು ನನ್ನ ಕೆಲಸ.
ರಾತ್ರಿ ಒಂಬತ್ತರ ಮೇಲೆ, ಕ್ಯಾಂಪಿನ ಮೆಟ್ಟಿಲ ಕೆಳಗೆ
ಅಕ್ಕಿಚೀಲ ಹಾಸಿ ಕೂರುತ್ತೇನೆ.

ಮುಂದಿನ ಹಬ್ಬು ಹೂರಾದ ಒಬ್ಬ ಮೇಷ್ಟ್ರದು.
ಹಿಂದಿನದು ತೀರಿಹೋದ ಗಂಡನದೆಂದು
ಒಬ್ಬಾಕೆ ಹಳೆ ರಸೀದಿ ಸಮೇತ ಕೊಟ್ಟಳು,
ಹಣ ಎಣಿಸಲಿಲ್ಲ, ಬಾಗಿಲು ಹಾಕಿಕೊಂಡಳು.
ಪೆಡಲುಗಳಲ್ಲಿ ಬಲದ್ದು ಜಪಾನು, ಎಡದ್ದು ಇಟಲಿ;
ಒಂದು ಮೇಲೇರಿದಾಗ ಒಂದು ಕೆಳಗೆ,
ಜಗಳಕ್ಕೆ ಪುರುಸೊತ್ತಿಲ್ಲ.
ಗೇರಿಗೆ ಎರಡು ಪುಟ್ಟ ಸನ್ನೆ,
ಹೆಸರಿಗೆ ತಕ್ಕ ಹಾಗೆ: ಬೆರಳು ಸೋಕಿದರೆ ಸಾಕು,
ಸರಪಳಿಗೆ ಅರ್ಥವಾಗುತ್ತದೆ.

ಕಡ್ಡಿ ಹೆಣೆದವನು ಸಿಲ್ಹೆಟಿನ ಮುಖ್ಲೇಸ್.
ಮೂವತ್ತಾರನ್ನೂ ಒಂದೊಂದೇ ಮೀಟಿ,
ಕಿವಿಯಿಟ್ಟು, ಅರ್ಧ ಸುತ್ತು ಬಿಗಿದು, ಮತ್ತೆ ಮೀಟಿ.
"ಏಕತಾರಿ," ಅಂದೆ.
"ಏಕ್‌ತಾರಾ," ಅಂದ.
ಇಬ್ಬರ ಊರಲ್ಲೂ ಅದನ್ನು ಹಿಡಿದು
ಮೈಯನ್ನು ಬಾಡಿಗೆ ಮನೆಯೆಂದು ಹಾಡುವವರಿದ್ದಾರೆ.
ಗಾಲಿ ತಿರುಗಿತು. ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ
ಕಾಗದದಷ್ಟು ಬೆಳಕು, ಅಲುಗದೆ.

ಆದರೆ ಪೆಡಲಿನ ಬುಡದ ಬಟ್ಟಲು ಬಿಚ್ಚಲೊಲ್ಲದು.
ಸೀಮೆಎಣ್ಣೆ ಕುಡಿಸಿದೆ, ಬೆಂಕಿ ತೋರಿಸಿದೆ,
ಪಾನಾಕ್ಕೆ ಎರಡಡಿ ಪೈಪು ತೊಡಿಸಿ ಮೈಭಾರ ಬಿಟ್ಟೆ.
ಮೂರು ರಾತ್ರಿ.
ನಾಲ್ಕನೆಯ ರಾತ್ರಿ ಮುಖ್ಲೇಸ್ ನಕ್ಕ:
ಬಲಗಡೆಯದು ಎಡ ತಿರುಪು, ಭಾಯಿ.
ತುಳಿಯುವವನ ಕಾಲೇ ಬಿಚ್ಚಿಬಿಡಬಾರದೆಂದು
ಉಲ್ಟಾ ಕೊರೆದಿರುತ್ತಾರೆ.

ಬಿಚ್ಚುತ್ತಿದ್ದೇನೆ ಎಂದುಕೊಂಡು
ಮೂರು ರಾತ್ರಿ ಬಿಗಿಯುತ್ತಿದ್ದೆ.

ಗೊತ್ತಿರಬೇಕಿತ್ತು ನನಗೆ. ವಿಜಾಪುರದ ಹಾಸ್ಟೆಲಿನಲ್ಲಿ
ನಾಲ್ಕು ವರ್ಷ ರೇಸು ತುಳಿದವನು.
ಆದರೆ ಅಲ್ಲಿ ಸೈಕಲ್ಲು ಸರ್ಕಾರದ್ದು,
ಬಿಳಿ ಬಣ್ಣದಲ್ಲಿ ಬರೆದ ಹದಿನಾಲ್ಕು.
ತುಳಿಯುವುದು ನಾವು, ಬಿಚ್ಚುವುದು ಮೆಕ್ಯಾನಿಕ್ಕು.
"ಕಾಲ ಅಲ್ಲೋ ತಮ್ಮಾ, ಉಸರ ತುಳೀಬೇಕು,"
ಬಾಗಲಕೋಟೆ ರಸ್ತೆಯಲ್ಲಿ ಜೀಪಿನಿಂದ ತಲೆ ಹೊರಹಾಕಿ
ಕೂಗುತ್ತಿದ್ದರು ಯಡಹಳ್ಳಿ ಸರ್.
ಇಪ್ಪತ್ತು ತುಂಬಿದ ದಿನ ಹದಿನಾಲ್ಕನ್ನು ಒರೆಸಿ,
ಗಾಳಿ ತುಂಬಿ, ಸಹಿ ಮಾಡಿ, ವಾಪಸು ಕೊಟ್ಟೆ.

ಬಟ್ಟಲು ಬಲಕ್ಕೆ ತಿರುಗಿತು, ಬೆಣ್ಣೆಯಂತಲ್ಲ,
ಹಲ್ಲು ಕಿತ್ತಂತೆ. ಒಳಗಿನಿಂದ ಒಂದು ಚಮಚ ಮರಳು,
ಕಪ್ಪಾದ ಗ್ರೀಸು, ಗುಂಡುಗಳು.
ಹನ್ನೊಂದಿರಬೇಕು. ಎರಡು ಸಲ ಎಣಿಸಿದೆ: ಹತ್ತು.
ಅಷ್ಟು ವರ್ಷ ಯಾರೋ ಹತ್ತರಲ್ಲೇ ಓಡಿಸಿದ್ದಾರೆ;
ಕೊರತೆ ಗೊತ್ತಾಗಿರಲಿಕ್ಕಿಲ್ಲ.
ಹೊಸವು ಹನ್ನೊಂದು ಹಾಕಿದೆ. ಹಳೆಯ ಹತ್ತು
ಖರ್ಜೂರದ ಡಬ್ಬಿಯಲ್ಲಿವೆ, ಯಾಕೋ.

ಶುಕ್ರವಾರ, ಬಾಂಗಿಗೆ ಮುಂಚೆ, ಹಿದ್ದ್ ಕಡೆಯ ರಸ್ತೆ.
ದೋಣಿಗಳ ಒದ್ದೆ ಹಗ್ಗದ ವಾಸನೆ.
ನಲವತ್ತಮೂರರ ಮೊಣಕಾಲು ಮೊದಲು ಗೊಣಗಿತು,
ಆಮೇಲೆ ಸುಮ್ಮನಾಯಿತು.
ಫ್ರೇಮಿನ ಮೇಲೆ ಯಾವ ನಂಬರೂ ಬರೆದಿಲ್ಲ.
ತಿರುಗಿ ಬಂದಾಗ ಕಾವಲುಗಾರ ಕೇಳಿದ, ಯಾರದು ಸೈಕಲ್ಲು?
ಮೇಷ್ಟ್ರು ನೆನಪಾದರು, ರಸೀದಿ ನೆನಪಾಯಿತು;
ಬಾಯಿಗೆ ಬಂದದ್ದು ಉಸಿರಷ್ಟೇ.

ಮೂರನೆಯ ಹಲ್ಲುಚಕ್ರದಲ್ಲಿ ಸರಪಳಿ ಇನ್ನೂ ಜಾರುತ್ತದೆ.
ಬರುವ ಶುಕ್ರವಾರ ನೋಡಬೇಕು.